ಹುಳಿ ಬಂದ ತೌಡು ಬೇರೆ, ಹಾಳಾದ ತೌಡು ಬೇರೆ

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಒಂದು ಸಂಘದ ಸದಸ್ಯೆಯರು ಒಟ್ಟಾಗಿ ಬರೆದು ಓದಿದ ಮಾತುಗಳು. ಅಂದು ಬರಲಾಗದ ಸಂಘಗಳವರು ತಮ್ಮ ವಾರದ ಸಭೆಯಲ್ಲಿ ಓದಿ ಚರ್ಚಿಸಲಿ ಎಂದು ಇಲ್ಲಿ ಮುದ್ರಿಸಲಾಗಿದೆ.)



ನಮ್ಮದು ಹದಿಮೂರು ಮಂದಿಯ ಸಂಘ. ಕೋಳಿಗೆ ಹುಳಿ ಬರಿಸಿದ ಆಹಾರ ಕೊಡುವುದರ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಕಾರ್ಯಕರ್ತೆಯವರು ನಮ್ಮನ್ನು ಕರೆದರು. ನಾವೇನು ದೊಡ್ಡ ಭಾಷಣ ಮಾಡುವವರಲ್ಲ. ಆದರೆ ಎರಡು ವರ್ಷದಿಂದ ಈ ಕೆಲಸ ಮಾಡಿ ನೋಡಿದ್ದೇವೆ. ಅದರಿಂದ ನಮಗೆ ಆದ ಲಾಭವೂ ಉಂಟು, ಒಮ್ಮೆ ದೊಡ್ಡ ನಷ್ಟವೂ ಆಗಿದೆ. ಲಾಭ ಮಾತ್ರ ಹೇಳಿ ನಷ್ಟ ಮುಚ್ಚಿಟ್ಟರೆ ನಾವು ಮಾಡಿದ ತಪ್ಪನ್ನೇ ನೀವೂ ಮಾಡುತ್ತೀರಿ. ಹಾಗಾಗಿ ಎರಡನ್ನೂ ಹೇಳಲಿಕ್ಕೆ ಬಂದಿದ್ದೇವೆ.

ಇದು ಹೊಸ ವಿದ್ಯೆ ಅಲ್ಲ

ಹುಳಿ ಬರಿಸುವುದು ಅಂದಕೂಡಲೇ ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ. "ಹಳಸಿದ್ದನ್ನು ಕೋಳಿಗೆ ಹಾಕೋದಾ?" ಅಂತ ಕೇಳುತ್ತಾರೆ. ಹಾಗಾದರೆ ನಾವು ಒಂದು ಪ್ರಶ್ನೆ ಕೇಳುತ್ತೇವೆ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಉಬ್ಬಿ ಹುಳಿ ಬಂದಿರುತ್ತದಲ್ಲ, ಅದು ಹಳಸಿದ್ದಾ? ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುತ್ತೇವೆ, ಅದು ಹಾಳಾದ ಹಾಲಾ? ರಾಗಿ ಅಂಬಲಿ, ಇಡ್ಲಿ, ನಮ್ಮ ಹಬ್ಬದ ದಿನದ ಸನ್ನ, ಎಲ್ಲವೂ ಹುಳಿ ಬಂದ ಆಹಾರವೇ. ನಮ್ಮ ಅಜ್ಜಿಯಂದಿರು ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಬೆಳಗ್ಗೆ ತಂಗಳನ್ನ ಉಂಡು ಗದ್ದೆಗೆ ಇಳಿಯುತ್ತಿದ್ದರು. ಉಳಿದದ್ದಕ್ಕೆ ಒಂದು ಹಿಡಿ ತೌಡು ಕಲಸಿ ಅಂಗಳದ ಕೋಳಿಗೆ ಹಾಕುತ್ತಿದ್ದರು.

ಒಳಗೆ ಏನಾಗುತ್ತದೆ ಅಂತ ಸರಳವಾಗಿ ಹೇಳುತ್ತೇವೆ. ಧಾನ್ಯದ ಮೇಲೆ, ತೌಡಿನ ಮೇಲೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ. ಅದರಲ್ಲಿ ಒಳ್ಳೆಯವೂ ಉಂಟು, ಕೆಟ್ಟವೂ ಉಂಟು. ನೀರಲ್ಲಿ ಮುಳುಗಿಸಿಟ್ಟರೆ ಮೊಸರು ಮಾಡುವ ಜಾತಿಯ ಒಳ್ಳೆಯ ಜೀವಿಗಳು ಧಾನ್ಯದಲ್ಲಿರುವ ಸಕ್ಕರೆಯ ಅಂಶವನ್ನು ತಿಂದು ಹುಳಿ ಮಾಡುತ್ತವೆ. ಇದಕ್ಕೆ ಲ್ಯಾಕ್ಟಿಕ್ ಆಮ್ಲ ಅಂತ ಹೆಸರು. ಹುಳಿ ಏರಿದ ಹಾಗೆ ಭೇದಿ ತರುವ ಕೆಟ್ಟ ಜೀವಿಗಳಿಗೆ ಅಲ್ಲಿ ಬೆಳೆಯಲಿಕ್ಕೆ ಆಗುವುದಿಲ್ಲ. ಉಪ್ಪಿನಕಾಯಿ ವರ್ಷಗಟ್ಟಲೆ ಕೆಡದೆ ಉಳಿಯಲಿಕ್ಕೆ ಉಪ್ಪಿನ ಜೊತೆ ಹುಳಿಯೂ ಕಾರಣ ಅಲ್ವಾ? ಹಾಗೇ ಇದು.

ನಾವು ಮಾಡುವ ಕ್ರಮ

ಮೊದಲು ಆಹಾರದ ಮಿಶ್ರಣ. ನಾವು ಮನೆಯಲ್ಲೇ ಕಲಸುವುದು ಹೀಗೆ: ನುಚ್ಚಕ್ಕಿ ಅಥವಾ ಒಡೆದ ಮೆಕ್ಕೆಜೋಳ 5 ಪಾಲು, ತೌಡು 3 ಪಾಲು, ನೆಲಗಡಲೆ ಹಿಂಡಿ 2 ಪಾಲು. ಒಂದೇ ಪಾತ್ರೆಯಲ್ಲಿ ಅಳೆಯುವುದಕ್ಕಿಂತ ತೂಕ ಮಾಡಿ ಹಾಕಿದರೆ ಒಳ್ಳೆಯದು, ಯಾಕೆಂದರೆ ತೌಡು ಹಗುರ. ಈ ಲೆಕ್ಕದಲ್ಲಿ ಸುಮಾರು ಶೇಕಡ 15-16 ಪ್ರೋಟೀನ್ ಸಿಗುತ್ತದೆ. ಮೊಟ್ಟೆ ಇಡುವ ಮನೆಕೋಳಿಗೆ ಅಷ್ಟು ಸಾಕು. ತೌಡು ಹೊಸದಾಗಿರಬೇಕು. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ. ಅಗ್ಗ ಅಂತ ಮೂಟೆಗಟ್ಟಲೆ ತಂದಿಡಬೇಡಿ.

ಪಾತ್ರೆ ಯಾವುದು? ಮಣ್ಣಿನ ಮಡಕೆ, ಪಿಂಗಾಣಿ ಭರಣಿ, ಅಡುಗೆ ಸಾಮಾನು ಹಾಕಲಿಕ್ಕೆ ತಕ್ಕದಾದ ಪ್ಲಾಸ್ಟಿಕ್ ಬಕೆಟ್, ಇವು ಆಗುತ್ತವೆ. ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆ, ಸತುವಿನ ಲೇಪದ ತಗಡಿನ ಬಕೆಟ್ ಬೇಡ. ಹುಳಿ ಲೋಹವನ್ನು ತಿನ್ನುತ್ತದೆ, ಅದು ಕೋಳಿಯ ಹೊಟ್ಟೆಗೆ ಹೋಗುತ್ತದೆ. ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿಯನ್ನು ಎಷ್ಟು ತೊಳೆದರೂ ಉಪಯೋಗಿಸಬಾರದು.

ಒಂದು ಕಿಲೋ ಒಣ ಮಿಶ್ರಣಕ್ಕೆ ಒಂದೂವರೆ ಲೀಟರಿನಷ್ಟು ನೀರು ಹಾಕಿ. ಲೆಕ್ಕಕ್ಕಿಂತ ಕಣ್ಣಳತೆ ಮುಖ್ಯ. ಆಹಾರದ ಮೇಲೆ ಎರಡು ಬೆರಳು ನೀರು ನಿಲ್ಲಬೇಕು. ಸ್ವಲ್ಪ ಹೊತ್ತಿನಲ್ಲಿ ತೌಡು ನೀರು ಕುಡಿದು ಉಬ್ಬುತ್ತದೆ, ಆಗ ಮತ್ತೆ ಸ್ವಲ್ಪ ಹಾಕಿ. ಬಾವಿ ನೀರಾದರೆ ಹಾಗೇ ಆಗುತ್ತದೆ. ನಳ್ಳಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದು ಒಳ್ಳೆಯ ಜೀವಿಗಳನ್ನೂ ಕೊಲ್ಲುತ್ತದೆ. ಹಾಗಾಗಿ ಆ ನೀರನ್ನು ರಾತ್ರಿಯಿಡೀ ತೆರೆದ ಪಾತ್ರೆಯಲ್ಲಿಟ್ಟು ಮಾರನೆ ದಿನ ಬಳಸಿ. ಮೊದಲ ಸಲ ಎರಡು ಚಮಚ ಉಪ್ಪಿಲ್ಲದ ಮಜ್ಜಿಗೆ ಹಾಕಿದರೆ ಬೇಗ ಹುಳಿ ಬರುತ್ತದೆ. ಆಮೇಲೆ ಹಳೆಯ ಬಕೆಟಿನ ಒಂದು ಲೋಟ ಹುಳಿನೀರೇ ಹೆಪ್ಪು.

ಮುಚ್ಚಳ ಬಿಗಿಯಾಗಿ ಹಾಕಬೇಡಿ, ಒಳಗೆ ಗಾಳಿ ಹುಟ್ಟುತ್ತದೆ. ಬಟ್ಟೆ ಕಟ್ಟಿ, ಅದರ ಮೇಲೆ ತಟ್ಟೆ ಇಡಿ. ನೊಣ, ಇಲಿ ಬಾಯಿ ಹಾಕದ ಹಾಗೆ ನೋಡಿಕೊಳ್ಳಿ. ಇಲಿ ಮೂತ್ರದಿಂದ ನಮಗೇ ಇಲಿಜ್ವರ ಬರುತ್ತದೆ ಅನ್ನುವುದು ಮರೆಯಬಾರದು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮರದ ಸೌಟಿನಲ್ಲಿ ಅಡಿಯಿಂದ ಕದಡಿ. ತೇಲಿದ್ದನ್ನು ಒತ್ತಿ ಮುಳುಗಿಸಿ. ಬೇಸಿಗೆಯಲ್ಲಿ ಒಂದೂವರೆ ಎರಡು ದಿನ ಸಾಕು, ಮಳೆಗಾಲದಲ್ಲಿ ಮೂರು ದಿನ ಬೇಕು.

ಆಯಿತಾ ಅಂತ ತಿಳಿಯುವುದು ಹೇಗೆ? ನಮ್ಮ ಮೂಗೇ ಯಂತ್ರ. ದೋಸೆ ಹಿಟ್ಟಿನ ಹಾಗೆ, ಹುಳಿ ಮಜ್ಜಿಗೆಯ ಹಾಗೆ ವಾಸನೆ ಬಂದರೆ, ಕದಡಿದಾಗ ಸಣ್ಣ ಗುಳ್ಳೆ ಎದ್ದರೆ ಸರಿಯಾಗಿದೆ. ಕೊಳೆತ ವಾಸನೆ, ಸಾರಾಯಿಯ ಘಾಟು, ಚರಂಡಿಯ ನಾತ ಬಂದರೆ ಸರಿಯಾಗಿಲ್ಲ. ಮೇಲೆ ಹಸಿರು, ಕಪ್ಪು, ಗುಲಾಬಿ ಬಣ್ಣದ ಬೂಷ್ಟು ಅಥವಾ ಹತ್ತಿಯ ಹಾಗೆ ನೂಲು ನೂಲಾಗಿ ಬೆಳೆದದ್ದು ಕಂಡರೆ ಮೇಲಿನದ್ದು ತೆಗೆದು ಕೆಳಗಿನದ್ದು ಹಾಕುವ ಆಸೆ ಬೇಡ. ಪೂರ್ತಿ ಗೊಬ್ಬರದ ಗುಂಡಿಗೆ ಹಾಕಿ. ಆ ಗುಂಡಿಯನ್ನೂ ಕೋಳಿ ಕೆದಕದ ಹಾಗೆ ಮಣ್ಣು ಮುಚ್ಚಿ. ಬಕೆಟನ್ನು ಬಿಸಿನೀರಿನಲ್ಲಿ ತಿಕ್ಕಿ ಬಿಸಿಲಿಗಿಟ್ಟು ಹೊಸದಾಗಿ ಶುರುಮಾಡಿ.

ಕೊಡುವಾಗ ನೀರು ಬಸಿದು, ಮುದ್ದೆ ಕಟ್ಟುವಷ್ಟು ಗಟ್ಟಿ ಮಾಡಿ ಕೊಡಿ. ಬಸಿದ ನೀರು ಮುಂದಿನ ಬಕೆಟಿಗೆ ಹೆಪ್ಪಾಗುತ್ತದೆ. ಬೆಳೆದ ಕೋಳಿಯನ್ನು ಗೂಡಿನಲ್ಲೇ ಸಾಕಿದರೆ ದಿನಕ್ಕೆ 100ರಿಂದ 120 ಗ್ರಾಂ ಒಣ ಆಹಾರ ಬೇಕು. ಹೊರಗೆ ತಿರುಗಿ ಹುಳಹುಪ್ಪಟೆ, ಹುಲ್ಲು ತಿಂದು ಬರುವ ಕೋಳಿಗೆ ಅದರಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಸಾಕಾಗುತ್ತದೆ. ಒಂದು ಗಂಟೆಯಲ್ಲಿ ತಿಂದು ಮುಗಿಸುವಷ್ಟೇ ಇಡಿ. ಉಳಿದದ್ದು ಬಾಚಿ ತೆಗೆದು ತಟ್ಟೆ ತೊಳೆಯಿರಿ. ಒಮ್ಮೆಗೇ ಪೂರ್ತಿ ಬದಲಾಯಿಸಬೇಡಿ. ಮೊದಲ ದಿನ ಒಂದು ಹಿಡಿ ಕೊಟ್ಟು, ಒಂದು ವಾರದಲ್ಲಿ ನಿಧಾನ ಹೆಚ್ಚಿಸಿ. ಪುಟ್ಟ ಮರಿಗಳಿಗೆ ನಾವು ಕೊಡುವುದಿಲ್ಲ. ಒಂದು ತಿಂಗಳು ತುಂಬಿದ ಮೇಲೆ ಸ್ವಲ್ಪ ಸ್ವಲ್ಪ ಶುರುಮಾಡುತ್ತೇವೆ.

ಬಕೆಟಿಗೆ ಹಾಕಬಾರದ ಮೂರು ವಸ್ತು ನೆನಪಿಡಿ. ಒಂದು, ಮೀನು ಮಾಂಸದ ತುಂಡು. ಅದು ಹುಳಿ ಬರುವುದಿಲ್ಲ, ಕೊಳೆಯುತ್ತದೆ. ಉಪ್ಪಿಲ್ಲದ ಒಣಮೀನಿನ ಪುಡಿ ಕೊಡುವುದಾದರೆ ತಿನ್ನಿಸುವ ಹೊತ್ತಿಗೆ ಮೇಲೆ ಉದುರಿಸಿ. ಎರಡು, ಉಪ್ಪು ಖಾರದ ಸಾರು, ಉಪ್ಪಿನಕಾಯಿ. ಕೋಳಿಗೆ ಹೆಚ್ಚು ಉಪ್ಪು ವಿಷವಿದ್ದ ಹಾಗೆ. ಮೂರು, ಚಿಪ್ಪಿನ ಪುಡಿ, ಸುಣ್ಣ. ಸುಣ್ಣ ಹುಳಿಯನ್ನು ಕೊಲ್ಲುತ್ತದೆ, ಆಗ ಆಹಾರ ಹುಳಿಯಾಗುವ ಬದಲು ಕೆಡುತ್ತದೆ. ಆದರೆ ಮೊಟ್ಟೆಯ ಓಡಿಗೆ ಸುಣ್ಣದ ಅಂಶ ಬೇಕೇ ಬೇಕು. ಹಾಗಾಗಿ ಕುಟ್ಟಿದ ಚಿಪ್ಪನ್ನು ಬೇರೆ ತೆಂಗಿನ ಗೆರಟೆಯಲ್ಲಿ ಹಾಕಿಡಿ. ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟು ತಾನೇ ಕುಕ್ಕಿ ತಿನ್ನುತ್ತದೆ.

ಲಾಭ ಏನು, ಏನಲ್ಲ

ನಾವು ಎರಡು ಮನೆಗಳಲ್ಲಿ ಸರಿಸುಮಾರು ಒಂದೇ ಪ್ರಾಯದ ಕೋಳಿಗಳಿಗೆ, ಒಂದು ಮನೆಯಲ್ಲಿ ಒಣ ಆಹಾರ, ಇನ್ನೊಂದು ಮನೆಯಲ್ಲಿ ಹುಳಿ ಆಹಾರ ಕೊಟ್ಟು ನೋಡಿದೆವು. ಎಲ್ಲರೂ ಕೇಳುವ ಪ್ರಶ್ನೆ, "ಮೊಟ್ಟೆ ಎಷ್ಟು ಹೆಚ್ಚಾಯ್ತು?" ಸತ್ಯ ಹೇಳಬೇಕೆಂದರೆ, ಮೊಟ್ಟೆಯ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನಮಗೆ ಕಾಣಲಿಲ್ಲ. ಕಂಡದ್ದು ಬೇರೆ. ಒಣ ತೌಡು ಗಾಳಿಗೆ ಹಾರುತ್ತದೆ, ಕೋಳಿ ಕೆದಕಿ ಚೆಲ್ಲುತ್ತದೆ, ಕಾಳು ಆರಿಸಿ ತಿಂದು ಪುಡಿ ಬಿಡುತ್ತದೆ. ಒದ್ದೆ ಆಹಾರದಲ್ಲಿ ಕಾಳು, ಪುಡಿ ಎಲ್ಲ ಒಟ್ಟಿಗೆ ಹೋಗುತ್ತದೆ, ಚೆಲ್ಲುವುದು ಕಡಿಮೆ. ಹಿಕ್ಕೆ ಗಟ್ಟಿಯಾಯಿತು, ಗೂಡಿನ ವಾಸನೆ ಕಡಿಮೆಯಾಯಿತು. ಬೇಸಿಗೆಯಲ್ಲಿ ಒಣ ಆಹಾರ ಮುಟ್ಟದ ಕೋಳಿ ತಣ್ಣಗಿನ ಹುಳಿ ಮುದ್ದೆಯನ್ನು ತಿಂದಿತು.

ಇನ್ನೊಂದು ಲಾಭ ಕಣ್ಣಿಗೆ ಕಾಣದ್ದು. ತೌಡಿನಲ್ಲಿ ರಂಜಕದ ಅಂಶ ಬೇಕಾದಷ್ಟು ಉಂಟು. ಆದರೆ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿದ್ದ ಹಾಗೆ. ಕೋಳಿಯ ಹೊಟ್ಟೆಗೆ ಆ ಬೀಗ ತೆಗೆಯಲಿಕ್ಕೆ ಸರಿಯಾಗಿ ಬರುವುದಿಲ್ಲ. ನೆನೆದು ಹುಳಿ ಬಂದಾಗ ಸ್ವಲ್ಪ ಭಾಗ ಬಿಡುಗಡೆಯಾಗಿ ದೇಹಕ್ಕೆ ಸಿಗುತ್ತದೆ. ಬೇರೆ ದೇಶಗಳಲ್ಲೂ ಇದರ ಅಧ್ಯಯನ ನಡೆದಿದೆ. ಡೆನ್ಮಾರ್ಕಿನಲ್ಲಿ ಮೊಟ್ಟೆಕೋಳಿಗಳ ಮೇಲೆ ಮಾಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೊಟ್ಟೆಯ ತೂಕ ಹೆಚ್ಚಿದ್ದು, ಕರುಳಿನ ಆರೋಗ್ಯ ಸುಧಾರಿಸಿದ್ದು ಕಂಡಿತು. ಆದರೆ ಕೋಳಿಗಳು ಒಂದನ್ನೊಂದು ಕುಕ್ಕಿ ಗರಿ ಕೆಡಿಸಿಕೊಂಡದ್ದೂ ಕಂಡಿತು. ಹಾಗಾಗಿ ಒಂದೇ ತಟ್ಟೆ ಇಟ್ಟು ಜಗಳಕ್ಕೆ ಬಿಡಬೇಡಿ. ಎರಡು ಮೂರು ಕಡೆ ಹಂಚಿ ಇಡಿ.

ಈಗ ಏನಲ್ಲ ಅನ್ನುವುದನ್ನು ಕೇಳಿ. ಹುಳಿ ಆಹಾರ ಔಷಧ ಅಲ್ಲ. ಕೊಕ್ಕರೆ ರೋಗ ಬಂದರೆ ಯಾವ ಹುಳಿಯೂ ತಡೆಯುವುದಿಲ್ಲ. ಅದಕ್ಕೆ ಲಸಿಕೆಯೇ ದಾರಿ. ಮರಿಗೆ 5ರಿಂದ 7ನೆಯ ದಿನದ ಒಳಗೆ ಕಣ್ಣಿಗೆ ಅಥವಾ ಮೂಗಿಗೆ ಹನಿ, ಆಮೇಲೆ ಪಶುವೈದ್ಯರು ಹೇಳಿದ ದಿನಕ್ಕೆ ಮತ್ತೊಮ್ಮೆ ಹನಿ, ಸುಮಾರು ಎಂಟು ವಾರಕ್ಕೆ ಚುಚ್ಚುಮದ್ದು. ಒಂದೊಂದು ಮನೆಯವರು ಹೋದರೆ ಲಸಿಕೆಯ ಬಾಟಲಿ ಒಡೆಯುವುದು ಕಷ್ಟ, ಯಾಕೆಂದರೆ ಒಂದು ಬಾಟಲಿ ನೂರಾರು ಕೋಳಿಗೆ ಆಗುತ್ತದೆ. ಸಂಘದ ಎಲ್ಲರೂ ಒಂದೇ ದಿನ ಗೊತ್ತುಮಾಡಿಕೊಳ್ಳಿ.

ಇನ್ನೊಂದು ಮಾತು. ಬಕೆಟಿನಲ್ಲಿ ತೌಡು ಉಬ್ಬಿ ಒಂದಕ್ಕೆ ಎರಡಾಗಿ ಕಾಣುತ್ತದೆ. ನಾವೂ ಮೊದಲು ಖುಷಿಪಟ್ಟು, ಅಳತೆ ನೋಡಿ ಅರ್ಧಕ್ಕರ್ಧ ಕಡಿಮೆ ಹಾಕಿದೆವು. ಕೋಳಿ ಸೊರಗಿತು. ಹೆಚ್ಚಾದದ್ದು ನೀರು, ತೌಡಲ್ಲ. ದೋಸೆ ಹಿಟ್ಟು ಉಬ್ಬಿದ ಮಾತ್ರಕ್ಕೆ ಅಕ್ಕಿ ಜಾಸ್ತಿ ಆಗ್ತದಾ? ಹಾಗಾಗಿ ಯಾವಾಗಲೂ ಒಣ ತೂಕದ ಲೆಕ್ಕ ಇಡಿ.

ನಾವು ಮಾಡಿದ ತಪ್ಪು

ಈಗ ನಷ್ಟದ ಮಾತು. ಇದನ್ನು ಹೇಳಲಿಕ್ಕೆ ಆ ಅಕ್ಕನ ಒಪ್ಪಿಗೆ ತೆಗೆದುಕೊಂಡೇ ಬಂದಿದ್ದೇವೆ. ಅವರೂ ಇಲ್ಲೇ ನಮ್ಮ ನಡುವೆ ಕೂತಿದ್ದಾರೆ.

ಅವರು ಸಂಘದಿಂದ ಆಂತರಿಕ ಸಾಲ ಪಡೆದು ಹದಿನೈದು ಗಿರಿರಾಜ ಕೋಳಿ ತಂದರು. ಗಿರಿರಾಜ ಅಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕಲಿಕ್ಕೆ ಅಂತಲೇ ಬೆಳೆಸಿದ ತಳಿ, ನಿಮಗೆಲ್ಲ ಗೊತ್ತಿದ್ದದ್ದೇ. ಚೆನ್ನಾಗಿ ಬೆಳೆದವು, ಮೊಟ್ಟೆಗೂ ಬಂದವು. ಮಗಳ ಕಾಲೇಜಿನ ಬಸ್ಸಿನ ಖರ್ಚು ಮೊಟ್ಟೆಯ ಹಣದಲ್ಲೇ ನಡೆಯುತ್ತಿತ್ತು.

ಮಳೆಗಾಲದ ಕೊನೆಗೆ ಪೇಟೆಯಲ್ಲಿ ಮೆಕ್ಕೆಜೋಳ ಅಗ್ಗಕ್ಕೆ ಸಿಗುತ್ತದೆ ಅಂತ ಸುದ್ದಿ ಬಂತು. ಮೂಟೆ ಒದ್ದೆಯಾಗಿದೆ, ಅಲ್ಲಲ್ಲಿ ಬೂಷ್ಟು ಹಿಡಿದಿದೆ, ಅದಕ್ಕೇ ಕಡಿಮೆ ಬೆಲೆ. ಕೊಟ್ಟವರು ಅದನ್ನು ಮುಚ್ಚಿಡಲೂ ಇಲ್ಲ. ಅಕ್ಕ ವಾರದ ಸಭೆಯಲ್ಲಿ ನಮ್ಮನ್ನು ಕೇಳಿದರು, "ತರಬಹುದಾ?" ನಾವೇ ಹೇಳಿದೆವು, "ತನ್ನಿ, ಮೂರು ದಿನ ಹುಳಿ ಬರಿಸಿದರೆ ಬೂಷ್ಟೆಲ್ಲ ಸಾಯ್ತದೆ." ಒಬ್ಬರು ಹೇಳಿದ್ದಕ್ಕೆ ಹನ್ನೊಂದು ತಲೆ ಹೌದು ಅಂತ ಆಡಿತು. ಪಶುವೈದ್ಯರನ್ನು ಒಂದು ಮಾತು ಕೇಳುವ ಅಂತ ಯಾರಿಗೂ ತೋಚಲಿಲ್ಲ.

ಮೊದಲು ಏನೂ ಆಗಲಿಲ್ಲ. ಬಕೆಟಿನಲ್ಲಿ ಹುಳಿ ವಾಸನೆಯೂ ಚೆನ್ನಾಗಿಯೇ ಬಂತು. ಎರಡು ವಾರದ ಮೇಲೆ ಕೋಳಿಗಳು ತಿನ್ನುವುದು ಕಡಿಮೆ ಮಾಡಿದವು. ಜುಟ್ಟು ಬಿಳಿಚಿತು. ಮೊಟ್ಟೆ ನಿಂತಿತು. ಆಮೇಲೆ ಒಂದೊಂದಾಗಿ ಒಂಬತ್ತು ಸತ್ತವು. ಸತ್ತ ಕೋಳಿಯನ್ನು ಪಶು ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಕೊಯ್ದು ಪಿತ್ತಜನಕಾಂಗ ತೋರಿಸಿದರು. ಬಣ್ಣ ಕೆಟ್ಟು ಊದಿಕೊಂಡಿತ್ತು. "ಏನು ಹಾಕಿದ್ದೀರಿ?" ಅಂತ ಕೇಳಿದರು. ಜೋಳ ತೋರಿಸಿದೆವು. ಅವರು ತಲೆಯಾಡಿಸಿ, "ಇದು ಬೂಷ್ಟಿನ ವಿಷದ ಲಕ್ಷಣ, ಉಳಿದ ಜೋಳ ಇವತ್ತೇ ಹೂತುಬಿಡಿ" ಅಂದರು.

ಅವತ್ತು ನಮಗೆ ತಿಳಿದದ್ದು ಇದು. ಬೂಷ್ಟು ಬೇರೆ, ಬೂಷ್ಟು ಬಿಟ್ಟ ವಿಷ ಬೇರೆ. ಹುಳಿಗೆ ಬೂಷ್ಟು ಸಾಯಬಹುದು. ಆದರೆ ಅದು ಆಗಲೇ ಕಾಳಿನೊಳಗೆ ಬಿಟ್ಟ ವಿಷ ಅಲ್ಲೇ ಉಳಿಯುತ್ತದೆ. ಹಾವನ್ನು ಹೊಡೆದು ಕೊಂದರೂ ಕಚ್ಚಿಸಿಕೊಂಡವರ ಮೈಯ ವಿಷ ಇಳಿಯುವುದಿಲ್ಲ ಅಲ್ವಾ? ಈ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರು. ನೆನೆಸಿದರೂ ಹೋಗುವುದಿಲ್ಲ, ನಮ್ಮ ಒಲೆಯಲ್ಲಿ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಯಾಕೆ ಅಂತ ಗೊತ್ತಾಗದೆ ಸತ್ತವು. ಹುಡುಕುತ್ತಾ ಹೋದಾಗ ಅವುಗಳಿಗೆ ಹಾಕಿದ ನೆಲಗಡಲೆ ಹಿಂಡಿಯಲ್ಲಿ ಈ ವಿಷ ಸಿಕ್ಕಿತು. ಲೋಕಕ್ಕೆ ಇದರ ಪರಿಚಯ ಆದದ್ದೇ ಹಾಗೆ. ನೆಲಗಡಲೆ, ಮೆಕ್ಕೆಜೋಳ, ಇವೆರಡರಲ್ಲಿ ಇದು ಬೇಗ ಹುಟ್ಟುತ್ತದೆ. ಬಾತುಕೋಳಿಗೆ ಇನ್ನೂ ಬೇಗ ತಾಗುತ್ತದೆ. ಹಸು ತಿಂದರೆ ಹಾಲಿಗೂ ಇಳಿಯುತ್ತದೆ, ಆ ಹಾಲು ನಮ್ಮ ಮಕ್ಕಳ ಲೋಟಕ್ಕೆ ಬರುತ್ತದೆ.

ಸಹೋದರಿಯರೇ, ಕೋಳಿ ಸತ್ತ ಮೇಲೂ ಸಾಲದ ಕಂತು ನಿಲ್ಲುವುದಿಲ್ಲ. ಅಕ್ಕ ಮುಂದಿನ ಸಭೆಗೆ ಬರುವಾಗ ಬೆಂಡೋಲೆ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದಿದ್ದರು. ಅಡವಿಟ್ಟು ಕಂತು ಕಟ್ಟುತ್ತೇನೆ ಅಂದರು. ನಮ್ಮ ಹೆಸರು ಎತ್ತಲಿಲ್ಲ, ಯಾರನ್ನೂ ದೂರಲಿಲ್ಲ. ನಮಗೆ ತಲೆ ಎತ್ತಲಿಕ್ಕೆ ಆಗಲಿಲ್ಲ. ಜೋಳ ತಂದದ್ದು ಅವರು, ಆದರೆ ತರಲಿಕ್ಕೆ ಹೇಳಿದ್ದು ನಾವು. ನಷ್ಟ ಮಾತ್ರ ಅವರೊಬ್ಬರದ್ದಾ?

ಆ ದಿನ ಸಭೆ ಕತ್ತಲಾಗುವವರೆಗೆ ನಡೆಯಿತು. ಸಾಲ ಮನ್ನಾ ಮಾಡುವ ಅಂತ ಕೆಲವರು ಹೇಳಿದರು. ಬೇಡ ಅಂತ ಅಕ್ಕನೇ ಹೇಳಿದರು. "ಇವತ್ತು ನನಗೆ ಮನ್ನಾ ಮಾಡಿದರೆ ನಾಳೆ ಇನ್ನೊಬ್ಬರಿಗೂ ಮಾಡ್ಬೇಕು, ಸಂಘ ಉಳಿಯುವುದಿಲ್ಲ." ಕೊನೆಗೆ ನಿರ್ಣಯ ಪುಸ್ತಕದಲ್ಲಿ ಹೀಗೆ ಬರೆದೆವು: ಕಂತನ್ನು ಆರು ತಿಂಗಳು ಮುಂದಕ್ಕೆ ಹಾಕುವುದು, ಆ ಆರು ತಿಂಗಳ ಬಡ್ಡಿಯನ್ನು ಉಳಿದ ಹನ್ನೆರಡು ಮಂದಿ ಹಂಚಿಕೊಂಡು ಕಟ್ಟುವುದು, ಕೋಳಿ ಇರುವ ಪ್ರತಿಯೊಬ್ಬರೂ ಅವರಿಗೆ ಒಂದೊಂದು ಮರಿ ಕೊಡುವುದು. ಬೆಂಡೋಲೆ ಅವರ ಕಿವಿಗೇ ವಾಪಸು ಹೋಯಿತು. ಸಾಲ ಈಗ ತೀರಿದೆ.

ಈಗ ನಮ್ಮ ಸಂಘಕ್ಕೆ ಜೋಳ ಬಂದರೆ ಮೊದಲು ಪರೀಕ್ಷೆ ಮಾಡುವವರು ಆ ಅಕ್ಕನೇ. ಮೂಟೆಯ ಮೇಲಿನದ್ದಲ್ಲ, ನಡುವಿನಿಂದ, ಅಡಿಯಿಂದ ಒಂದೊಂದು ಹಿಡಿ ತೆಗೆಯುತ್ತಾರೆ. ಬಣ್ಣ ನೋಡುತ್ತಾರೆ, ಮೂಸುತ್ತಾರೆ. ಮುಗ್ಗಲು ವಾಸನೆ ಬಂದರೆ ಅಲ್ಲಿಗೇ ವಾಪಸು. ಸರಿ ಕಂಡರೆ ಒಂದು ಕಾಳನ್ನು ಹಲ್ಲಿನಲ್ಲಿ ಕಡಿಯುತ್ತಾರೆ. ಕಟ್ ಅಂತ ಒಡೆದರೆ ಒಣಗಿದೆ, ಮೆತ್ತಗಾದರೆ ಇನ್ನೂ ಬಿಸಿಲು ಬೇಕು. ಮೂಟೆಯನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಹಲಗೆಯ ಮೇಲೆ ಇಡುತ್ತೇವೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟೇ ತರುತ್ತೇವೆ.

ಹಸು, ಆಡು, ಹಂದಿಗೆ

"ಕೋಳಿಗೆ ಆಗ್ತದೆ ಅಂದ್ರೆ ಹಸುವಿಗೂ ಹಾಕಬಹುದಲ್ಲ?" ಅಂತ ತುಂಬಾ ಜನ ಕೇಳುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಹಸುವಿನ ದೊಡ್ಡ ಹೊಟ್ಟೆಯೇ ಒಂದು ಹುದುಗುವ ಹಂಡೆ. ಹುಲ್ಲು ಅಲ್ಲೇ ಹುದುಗುತ್ತದೆ. ಅದಕ್ಕೆ ಒಮ್ಮೆಗೇ ಅನ್ನ, ಹಿಟ್ಟು, ನುಚ್ಚು ಜಾಸ್ತಿ ಬಿದ್ದರೆ ಆ ಹಂಡೆ ಪೂರ್ತಿ ಹುಳಿಯಾಗಿಬಿಡುತ್ತದೆ. ಮದುವೆ, ಗೃಹಪ್ರವೇಶ, ಹಬ್ಬದ ಊಟ ಮುಗಿದ ಮೇಲೆ ಉಳಿದ ಅನ್ನ ಪಾಯಸ ಹಾಳಾಗಬಾರದು ಅಂತ ಹಸುವಿನ ಮುಂದೆ ಸುರಿಯುತ್ತೇವೆ. ರಾತ್ರಿಗೆ ಹಸು ಮೆಲುಕು ನಿಲ್ಲಿಸುತ್ತದೆ, ಹೊಟ್ಟೆ ಬಿಗಿಯುತ್ತದೆ, ಸಗಣಿ ನೀರಾಗಿ ಹುಳಿ ವಾಸನೆ ಬರುತ್ತದೆ, ಕೊನೆಗೆ ಮಲಗಿದ್ದು ಏಳುವುದಿಲ್ಲ. ಪ್ರೀತಿಯಿಂದ ಹಾಕಿದ ಅನ್ನಕ್ಕೇ ಹಸು ಸತ್ತದ್ದು ನಿಮ್ಮ ಊರಲ್ಲೂ ಆಗಿರಬಹುದು. ಹೀಗೆ ಕಂಡ ಕೂಡಲೇ ಮನೆಮದ್ದು ಮಾಡುತ್ತಾ ಕೂರದೆ ಪಶುವೈದ್ಯರನ್ನು ಕರೆಯಿರಿ. 1962 ಎಂಬ ಪಶು ಸಹಾಯವಾಣಿಗೂ ಫೋನು ಮಾಡಬಹುದು. ಆಡಿಗೂ ಇದೇ ಮಾತು ಅನ್ವಯ.

ಅಕ್ಕಚ್ಚಿನ ಬಾನಿಯನ್ನೂ ಗಮನಿಸಿ. ಅಕ್ಕಿ ತೊಳೆದ ನೀರು, ಗಂಜಿ ತಿಳಿ ಅಂದಂದಿನದ್ದು ಅಂದೇ ಕೊಡಿ. ಮೂರು ನಾಲ್ಕು ದಿನದ್ದು ಸೇರಿಸುತ್ತಾ ಹೋಗಬೇಡಿ. ದಿನಾ ಬಾನಿ ತಿಕ್ಕಿ ತೊಳೆಯಿರಿ.

ಹಸುವಿಗೆ ತಕ್ಕ ಹುಳಿ ಆಹಾರ ಬೇರೆ ಉಂಟು, ಅದೇ ರಸಮೇವು. ಹಾಲುಗಾಳು ಗಟ್ಟಿಯಾಗುವ ಹೊತ್ತಿನ ಮೆಕ್ಕೆಜೋಳದ ಗಿಡವನ್ನು ಸಣ್ಣಗೆ ಕತ್ತರಿಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ತುಳಿದು ತುಳಿದು ತುಂಬಿ, ಗಾಳಿ ಹೋಗದ ಹಾಗೆ ಕಟ್ಟಬೇಕು. ಸುಮಾರು 45 ದಿನಕ್ಕೆ ಸಿದ್ಧ. ಹೊಂಬಣ್ಣ, ಹಿತವಾದ ಹುಳಿ ವಾಸನೆ ಇದ್ದರೆ ಸರಿಯಾಗಿದೆ. ಮೊದಲು ದಿನಕ್ಕೆ 5 ಕಿಲೋದಷ್ಟು ಕೊಟ್ಟು ನಿಧಾನವಾಗಿ 15ರಿಂದ 20 ಕಿಲೋವರೆಗೆ ಹೆಚ್ಚಿಸಬಹುದು. ಒಣಹುಲ್ಲು ಜೊತೆಗೆ ಇರಲೇಬೇಕು. ಇಲ್ಲಿಯೂ ಬೂಷ್ಟು ಹಿಡಿದ ಭಾಗ ಹಸುವಿಗೆ ಬೇಡ.

ಹಂದಿಗೆ ಹುಳಿ ಬರಿಸಿದ ತೌಡು, ನುಚ್ಚು ಚೆನ್ನಾಗಿ ಒಗ್ಗುತ್ತದೆ. ಯುರೋಪಿನ ದೇಶಗಳಲ್ಲಿ ಹಂದಿಗೆ ಇಂಥ ಆಹಾರ ಕೊಡುವುದು ರೂಢಿ. ಆದರೆ ಹೋಟೆಲಿನ, ಸಮಾರಂಭದ ಉಳಿಕೆ ತಂದು ಹಾಕುವವರು ಎಚ್ಚರ ವಹಿಸಬೇಕು. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಮೊದಲ ಬಾರಿ ನಮ್ಮ ದೇಶಕ್ಕೆ ಬಂತು. ಅದಕ್ಕೆ ಮದ್ದಿಲ್ಲ, ಬಂದರೆ ಗೂಡೇ ಖಾಲಿ. ಹಂದಿಮಾಂಸದ ಚೂರಿನಿಂದಲೂ ಅದು ಹರಡುತ್ತದೆ, ಹುಳಿ ಬರಿಸಿದೆವು ಅಂತ ಆ ರೋಗಾಣು ಸಾಯುತ್ತದೆ ಅಂತ ನಂಬಬೇಡಿ. ಹಂದಿಮಾಂಸ ಸೇರಿದ ಉಳಿಕೆ ಬೇಡವೇ ಬೇಡ. ಬೇರೆ ಉಳಿಕೆಯನ್ನು ಒಂದು ಗಂಟೆ ಕುದಿಸಿ, ತಣಿಸಿ ಕೊಡಿ.

ಮನೆಗೆ ಹೋದ ಮೇಲೆ

ಇಷ್ಟು ಕೇಳಿ ನಾಳೆಯೇ ದೊಡ್ಡ ಡ್ರಮ್ಮು ತರಬೇಡಿ. ಒಂದು ಸಣ್ಣ ಬಕೆಟು, ನಾಲ್ಕು ಕೋಳಿ, ಒಂದು ತಿಂಗಳು. ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿ, ಎಷ್ಟು ಒಣ ಆಹಾರ ಹಾಕಿದಿರಿ, ಎಷ್ಟು ಮೊಟ್ಟೆ ಸಿಕ್ಕಿತು, ಎಷ್ಟು ಮಾರಿದಿರಿ, ಎಷ್ಟು ಮಕ್ಕಳ ತಟ್ಟೆಗೆ ಹೋಯಿತು ಅಂತ ಬರೆಯಿರಿ. ಬರೆಯಲಿಕ್ಕೆ ಬಾರದವರು ಮಕ್ಕಳ ಕೈಯಲ್ಲಿ ಬರೆಸಿ. ಮೊಟ್ಟೆಯ ಹಣ ಸಣ್ಣದು ಅಂತ ಯಾರೂ ಲೆಕ್ಕ ಇಡುವುದಿಲ್ಲ, ಅದಕ್ಕೇ ಅದು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಲೆಕ್ಕ ಇಟ್ಟರೆ ಅದು ನಿಮ್ಮ ದುಡಿಮೆ ಅಂತ ಮನೆಯವರಿಗೂ ಕಾಣುತ್ತದೆ.

ಕೊನೆಯದಾಗಿ, ನಮ್ಮ ಸಂಘದ ಗೋಡೆಯಲ್ಲಿ ಬರೆದು ಅಂಟಿಸಿದ ನಾಲ್ಕು ಸಾಲು ಓದಿ ಮುಗಿಸುತ್ತೇವೆ:

1. ಮನುಷ್ಯರು ಮೂಸಿ ಬಿಸಾಡುವ ಕಾಳನ್ನು ಬಕೆಟಿಗೆ ಹಾಕುವುದಿಲ್ಲ.

2. ಹುಳಿ ಒಳ್ಳೆಯ ಆಹಾರವನ್ನು ಇನ್ನೂ ಒಳ್ಳೆಯದು ಮಾಡುತ್ತದೆ, ಹಾಳಾದದ್ದನ್ನು ಸರಿಮಾಡುವುದಿಲ್ಲ.

3. ಹುಳಿ ಆಹಾರ ಕೊಡುತ್ತೇವೆ ಅಂತ ಲಸಿಕೆ ತಪ್ಪಿಸುವುದಿಲ್ಲ.

4. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಒಬ್ಬ ಸದಸ್ಯೆಗೂ ಹೇಳುವುದಿಲ್ಲ. ಗೊತ್ತಿದ್ದವರನ್ನು ಕೇಳಿ ಹೇಳುತ್ತೇವೆ.

ನಾಲ್ಕನೆಯ ಸಾಲು ಕೋಳಿಗೆ ಮಾತ್ರ ಅಲ್ಲ, ಸಂಘದಲ್ಲಿ ನಾವು ಒಬ್ಬರಿಗೊಬ್ಬರು ಹೇಳುವ ಎಲ್ಲ ಮಾತಿಗೂ ಸೇರಿದ್ದು. ಊಟದ ಹೊತ್ತಿಗೆ ನಮ್ಮ ಬಕೆಟು ಹೊರಗೆ ಜಗಲಿಯಲ್ಲಿ ಇಡುತ್ತೇವೆ. ಬಂದು ಮೂಸಿ ನೋಡಿ. ಸಂಶಯ ಇದ್ದರೆ ಆ ಅಕ್ಕನನ್ನೇ ಕೇಳಿ, ಅವರು ಸಮಾಧಾನದಲ್ಲಿ ಹೇಳಿಕೊಡುತ್ತಾರೆ.